ಪಠ್ಯಪುಸ್ತಕದೊಳಗಿನ ಪುಸ್ತಕ

ಜೂನ್ ತಿಂಗಳು ಬಂತೆಂದರೆ ನನಗೊಂದು ಪ್ರಶ್ನೆ ತಪ್ಪುವುದಿಲ್ಲ. ಕಾಲೇಜಿನಲ್ಲಿ ಇಂಗ್ಲಿಷ್ ಪಾಠ ಹೇಳಿದವನು ಎಂಬ ಒಂದೇ ಕಾರಣಕ್ಕೆ ಪರಿಚಿತರು ಮಕ್ಕಳನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು ಕೇಳುತ್ತಾರೆ: "ಇವನು ಓದೋದೇನೋ ಓದ್ತಾನೆ ಸಾರ್. ಆದರೆ ಓದಬೇಕಾದ್ದನ್ನ ಓದಲ್ಲ. ಬರೀ ಕೊಲೆ, ದೆವ್ವ, ಬೇರೆ ಗ್ರಹದೋರು. ಏನು ಮಾಡೋಣ ಹೇಳಿ?" ಹುಡುಗ ನೆಲ ನೋಡುತ್ತಿರುತ್ತಾನೆ. ಹುಡುಗಿಯಾದರೆ ಅಪ್ಪನ ಮುಖ ನೋಡುತ್ತಿರುತ್ತಾಳೆ.

ಪ್ರಶ್ನೆ ಹೊಸದೇನಲ್ಲ. ಬೀಜಗಣಿತದ ಪುಸ್ತಕದ ನಡುವೆ ಇನ್ನೊಂದು ಪುಸ್ತಕ ಇಟ್ಟುಕೊಂಡು ಓದುವ ಕಲೆ ನಮ್ಮ ಕಾಲದಲ್ಲೂ ಇತ್ತು. ಆಗ ಒಳಗೆ ಇರುತ್ತಿದ್ದುದು ಸಾಮಾನ್ಯವಾಗಿ ಎನ್. ನರಸಿಂಹಯ್ಯನವರ ಪತ್ತೇದಾರಿ ಕಾದಂಬರಿ. ನೂರಾರು ಕಾದಂಬರಿ ಬರೆದ ಅವರ ಪತ್ತೇದಾರ ಪುರುಷೋತ್ತಮನಿಗೆ ಸಾಹಿತ್ಯ ಚರಿತ್ರೆಯಲ್ಲಿ ಸಿಕ್ಕ ಜಾಗ ಕಡಿಮೆ, ಬಾಡಿಗೆ ಪುಸ್ತಕದ ಅಂಗಡಿಗಳಲ್ಲಿ ಸಿಕ್ಕ ಜಾಗ ಬಹಳ ದೊಡ್ಡದು. ಈಗ ಪಠ್ಯದೊಳಗೆ ಮೊಬೈಲು ಬಂದಿದೆ. ಅಪ್ಪ ಅಮ್ಮಂದಿರ ಆತಂಕ ಮಾತ್ರ ಹಾಗೇ ಇದೆ.

ಉತ್ತರವಾಗಿ ನಾನು ಉಪದೇಶ ಮಾಡುವುದಿಲ್ಲ. ದೂರದ ಅಮೆರಿಕದ ಒಂದು ಮಿಠಾಯಿ ಅಂಗಡಿಯ ವಿಷಯ ಹೇಳುತ್ತೇನೆ. ಅಲ್ಲಿಂದ ಶುರುವಾದ ಮಾತು ಅಗ್ಗದ ಕಥೆಪತ್ರಿಕೆಗಳ ಒಂದು ಇಡೀ ಯುಗವನ್ನು ಸುತ್ತಿ ಬರುತ್ತದೆ. ಇವತ್ತು ಅದನ್ನೇ ಸ್ವಲ್ಪ ವಿಸ್ತಾರವಾಗಿ ಬರೆಯುತ್ತಿದ್ದೇನೆ.

ಅಪ್ಪ ಒಪ್ಪಿದ ಪತ್ರಿಕೆ

ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ ರಷ್ಯಾದಿಂದ ವಲಸೆ ಬಂದ ಕುಟುಂಬವೊಂದು ಮಿಠಾಯಿ ಅಂಗಡಿ ಇಟ್ಟುಕೊಂಡಿತ್ತು. ಮಿಠಾಯಿ, ಸಿಗರೇಟು, ಸೋಡಾದ ಜೊತೆಗೆ ಅಂಗಡಿಯಲ್ಲಿ ಪತ್ರಿಕೆಗಳೂ ಇರುತ್ತಿದ್ದವು. ಮೇಲೆ ಕಣ್ಣು ಕುಕ್ಕುವ ಮುಖಪುಟ, ಒಳಗೆ ಒರಟು ಕಾಗದದ ತುಂಬ ಕಥೆ. ಮಾರುವುದಕ್ಕೆ ಅಡ್ಡಿಯಿಲ್ಲ, ಆದರೆ ಮಗ ಅವನ್ನು ಓದಕೂಡದು ಎಂದು ಅಪ್ಪನ ಕಟ್ಟಪ್ಪಣೆ. ಅವೆಲ್ಲ ಕಸ, ಓದಿದರೆ ಹುಡುಗ ಕೆಟ್ಟು ಹೋಗುತ್ತಾನೆ ಎಂಬುದು ಅವರ ನಂಬಿಕೆ. ಹುಡುಗನಿಗೆ ಅವರು ಲೈಬ್ರರಿ ಕಾರ್ಡು ಮಾಡಿಸಿಕೊಟ್ಟಿದ್ದರು. ಓದುವುದಾದರೆ ಅಲ್ಲಿಯದನ್ನು ಓದಲಿ ಎಂದು.

1929ರಲ್ಲಿ 'ಸೈನ್ಸ್ ವಂಡರ್ ಸ್ಟೋರೀಸ್' ಎಂಬ ಹೊಸ ಪತ್ರಿಕೆ ಅಂಗಡಿಗೆ ಬಂತು. ಒಂಬತ್ತು ವರ್ಷದ ಹುಡುಗ ಅದನ್ನು ಅಪ್ಪನ ಮುಂದೆ ಹಿಡಿದು, ಇದರ ಹೆಸರಿನಲ್ಲೇ 'ಸೈನ್ಸ್' ಇದೆ, ಇದು ವಿಜ್ಞಾನದ ಪತ್ರಿಕೆ ಎಂದು ವಾದಿಸಿದ. ಅಪ್ಪನಿಗೆ ಇಂಗ್ಲಿಷ್ ಓದು ಇನ್ನೂ ಅಷ್ಟಾಗಿ ಒಗ್ಗಿರಲಿಲ್ಲ. ವಿಜ್ಞಾನವೆಂದರೆ ಒಳ್ಳೆಯದೇ ಇರಬೇಕು ಎಂದು ಒಪ್ಪಿಬಿಟ್ಟರು. ಷರತ್ತು ಒಂದೇ: ಓದಿದ ಮೇಲೆ ಪತ್ರಿಕೆ ಹೊಸದರ ಹಾಗೇ ಇರಬೇಕು, ಯಾಕೆಂದರೆ ಮಾರಬೇಕಲ್ಲ!

ಆ ಹುಡುಗ ಐಸಾಕ್ ಅಸಿಮೋವ್. ಹತ್ತು ವರ್ಷ ಕಳೆಯುವಷ್ಟರಲ್ಲಿ, 1939ರ ಮಾರ್ಚಿನಲ್ಲಿ, ಅವನ ಮೊದಲ ಕಥೆ 'ಅಮೇಜಿಂಗ್ ಸ್ಟೋರೀಸ್' ಎಂಬ ಅಂಥದೇ ಪತ್ರಿಕೆಯಲ್ಲಿ ಬಂತು. ಸಂಭಾವನೆ 64 ಡಾಲರ್. ಮುಂದೆ ಆತ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ರಸಾಯನಶಾಸ್ತ್ರದಲ್ಲಿ ಡಾಕ್ಟರೇಟ್ ಪಡೆದು, ಬಾಸ್ಟನ್ನಿನಲ್ಲಿ ಜೀವರಸಾಯನಶಾಸ್ತ್ರ ಬೋಧಿಸಿ, ಬರೆದದ್ದೂ ಸಂಪಾದಿಸಿದ್ದೂ ಸೇರಿ ಸುಮಾರು 500 ಪುಸ್ತಕಗಳನ್ನು ಹೊರತಂದರು. ವಿಜ್ಞಾನವನ್ನು ಸಾಮಾನ್ಯರಿಗೆ ತಿಳಿಯುವಂತೆ ಹೇಳುವುದರಲ್ಲಿ ಅವರಿಗೆ ಸಮಾನರು ಕಡಿಮೆ. ಅಪ್ಪ 'ಕಸ' ಎಂದಿದ್ದ ಕಪಾಟಿನಿಂದಲೇ ಅವರ ಓದು ಚಿಗುರಿತ್ತು.

ಕಥೆ ಇಲ್ಲಿಗೇ ಮುಗಿದಿದ್ದರೆ ಪಾಲಕರಿಗೆ ಉತ್ತರ ಸುಲಭವಿತ್ತು: 'ಓದಲಿ ಬಿಡಿ!' ಆದರೆ ಆ ಕಪಾಟಿನಲ್ಲಿ ಇದ್ದುದೆಲ್ಲ ಅಮೃತವಲ್ಲ. ಅದರ ಇತಿಹಾಸವನ್ನು ಪೂರ್ತಿ ನೋಡದೆ ತೀರ್ಮಾನಕ್ಕೆ ಬರುವುದು ಸರಿಯಾಗದು.

ಮರದ ತಿರುಳು, ಹತ್ತು ಸೆಂಟು

ಅಮೆರಿಕದಲ್ಲಿ ಅಗ್ಗದ ಕಥೆಗಳ ವ್ಯಾಪಾರ ದೊಡ್ಡದಾದದ್ದು 1860ರಲ್ಲಿ. ಬೀಡಲ್ ಎಂಬ ಪ್ರಕಾಶಕರು ಹತ್ತು ಸೆಂಟಿಗೆ ಒಂದು ಪುಟ್ಟ ಕಾದಂಬರಿ ಕೊಡಲು ಶುರುಮಾಡಿದರು. ಹತ್ತು ಸೆಂಟಿನ ನಾಣ್ಯಕ್ಕೆ ಅಲ್ಲಿ 'ಡೈಮ್' ಎಂದು ಹೆಸರು. ಹಾಗಾಗಿ ಇವು 'ಡೈಮ್ ನಾವೆಲ್'ಗಳಾದವು. ಆ ಮಾಲೆಯ ಮೊದಲ ಪುಸ್ತಕ ಬರೆದವರು ಆನ್ ಸ್ಟೀಫನ್ಸ್ ಎಂಬ ಹೆಣ್ಣುಮಗಳು.

ಓದುಗರು ಹೆಚ್ಚಿದ ಹಾಗೆ ವಿರೋಧಿಗಳೂ ಹೆಚ್ಚಿದರು. ನ್ಯೂಯಾರ್ಕಿನಲ್ಲಿ ಅನೀತಿಯ ವಿರುದ್ಧ ಟೊಂಕ ಕಟ್ಟಿ ನಿಂತಿದ್ದ ಆಂಥೊನಿ ಕಾಮ್‌ಸ್ಟಾಕ್ 1883ರಲ್ಲಿ ಒಂದು ಪುಸ್ತಕವನ್ನೇ ಬರೆದ. ಅದರ ಹೆಸರನ್ನು ಕನ್ನಡದಲ್ಲಿ 'ಎಳೆಯರಿಗೆ ಒಡ್ಡಿದ ಬಲೆಗಳು' ಎನ್ನಬಹುದು. ಮಕ್ಕಳು ಕಳ್ಳರಾಗುವುದಕ್ಕೂ ಮನೆ ಬಿಟ್ಟು ಓಡುವುದಕ್ಕೂ ಈ ಅಗ್ಗದ ಕಥೆಗಳೇ ಕಾರಣ ಎಂಬುದು ಅವನ ವಾದ. ಇದೇ ವಾದ 1954ರಲ್ಲಿ ಕಾಮಿಕ್ಸ್ ಪುಸ್ತಕಗಳ ಮೇಲೆ ತಿರುಗಿತು, ಆಮೇಲೆ ಟಿ.ವಿ. ಮೇಲೆ, ಅದಾದ ಮೇಲೆ ವಿಡಿಯೋ ಆಟಗಳ ಮೇಲೆ. ಆರೋಪಿ ಬದಲಾಗುತ್ತಾನೆ, ಆರೋಪಪಟ್ಟಿ ಅದೇ!

ನಮಗೆ ಬೇಕಾದ ಪತ್ರಿಕೆಯ ಕಥೆ ಶುರುವಾಗುವುದು 1882ರ ಡಿಸೆಂಬರಿನಲ್ಲಿ. ಫ್ರ್ಯಾಂಕ್ ಮನ್ಸಿ ಎಂಬಾತ 'ಗೋಲ್ಡನ್ ಆರ್ಗೋಸಿ' ಎಂಬ ಮಕ್ಕಳ ವಾರಪತ್ರಿಕೆ ತೆಗೆದ. ಪತ್ರಿಕೆ ಹಲವು ಏಳುಬೀಳು ಕಂಡಿತು, ಹೆಸರು ಬರೀ 'ಆರ್ಗೋಸಿ' ಆಯಿತು. 1896ರಲ್ಲಿ ಮನ್ಸಿ ಒಂದು ಲೆಕ್ಕಾಚಾರ ಹಾಕಿದ. ಜನ ಕೊಳ್ಳುವುದು ಕಥೆಯನ್ನು, ಕಾಗದವನ್ನಲ್ಲ. ಹಾಗಿದ್ದರೆ ನಯವಾದ ಕಾಗದ ಏಕೆ, ಚಿತ್ರಗಳು ಏಕೆ? ಮರದ ತಿರುಳಿನಿಂದ ಮಾಡಿದ ಅತಿ ಅಗ್ಗದ ಕಾಗದದ ಮೇಲೆ ಬರೀ ಕಥೆಗಳನ್ನು ಅಚ್ಚು ಹಾಕಿ, ಹತ್ತು ಸೆಂಟಿಗೆ ಮಾರತೊಡಗಿದ. 1907ರ ಹೊತ್ತಿಗೆ ಪ್ರಸಾರ ಸುಮಾರು 5 ಲಕ್ಷ ಮುಟ್ಟಿತು. ತಿರುಳಿಗೆ ಇಂಗ್ಲಿಷಿನಲ್ಲಿ 'ಪಲ್ಪ್' ಎನ್ನುತ್ತಾರೆ. ಅದರಿಂದ ಈ ಪತ್ರಿಕೆಗಳೆಲ್ಲ 'ಪಲ್ಪ್'ಗಳಾದವು. ಶ್ರೀಮಂತರ ಮನೆಗೆ ಹೋಗುತ್ತಿದ್ದ ನಯ ಕಾಗದದ ಪತ್ರಿಕೆಗಳು 'ಸ್ಲಿಕ್'ಗಳಾದವು. ಕಾಗದವೇ ಜಾತಿಯಾಯಿತು ಎನ್ನಿ.

ವಿಜ್ಞಾನದ ವಿದ್ಯಾರ್ಥಿಗಳಿಗೆ ಇಲ್ಲೊಂದು ಪಾಠವಿದೆ. ಮರದಲ್ಲಿ ಲಿಗ್ನಿನ್ ಎಂಬ ವಸ್ತು ಇರುತ್ತದೆ. ಒಳ್ಳೆಯ ಕಾಗದ ಮಾಡುವಾಗ ಅದನ್ನು ತೆಗೆದುಹಾಕುತ್ತಾರೆ. ಅಗ್ಗದ ಕಾಗದದಲ್ಲಿ ಅದು ಉಳಿದುಬಿಡುತ್ತದೆ. ಗಾಳಿ ಬೆಳಕು ತಾಗಿದಂತೆ ಕಾಗದ ಮೊದಲು ಹಳದಿ, ಆಮೇಲೆ ಕಂದು ಬಣ್ಣಕ್ಕೆ ತಿರುಗುತ್ತದೆ. ಕಾಗದದಲ್ಲೇ ಇರುವ ಆಮ್ಲ ಅದರ ನಾರನ್ನು ತಿನ್ನುತ್ತಾ ಹೋಗುತ್ತದೆ. ಕೊನೆಗೆ ಮಡಿಸಿದರೆ ಹಪ್ಪಳದಂತೆ ಮುರಿಯುತ್ತದೆ. ಮನೆಯಲ್ಲಿರುವ ಹಳೆಯ ದಿನಪತ್ರಿಕೆಯನ್ನು ಒಮ್ಮೆ ತೆಗೆದು ನೋಡಿ, ಅರ್ಥವಾಗುತ್ತದೆ. ಪ್ರಕಾಶಕರಿಗೆ ಇದು ಗೊತ್ತಿತ್ತು. ಈ ಪತ್ರಿಕೆ ಒಂದು ತಿಂಗಳು ಬಾಳಿದರೆ ಸಾಕಿತ್ತು, ಯಾರೂ ಅದನ್ನು ಉಳಿಸಿಕೊಳ್ಳುವುದಿಲ್ಲ ಎಂದೇ ಅವರ ಎಣಿಕೆ.

ಒಂದು ಪದಕ್ಕೆ ಒಂದು ಸೆಂಟು

ಬೇಡಿಕೆ ಹೆಚ್ಚಿದಂತೆ ಒಂದೊಂದು ರುಚಿಗೂ ಒಂದೊಂದು ಪತ್ರಿಕೆ ಹುಟ್ಟಿತು. 1915ರಲ್ಲಿ ಪತ್ತೇದಾರಿಗೆ, 1919ರಲ್ಲಿ ಕುದುರೆ ಸವಾರರ ಕಥೆಗಳಿಗೆ, 1921ರಲ್ಲಿ ಪ್ರೇಮಕಥೆಗಳಿಗೆ. ಭಯ, ವಿಸ್ಮಯಗಳಿಗೆ 1923ರಲ್ಲಿ 'ವಿಯರ್ಡ್ ಟೇಲ್ಸ್' ಬಂತು. ವಿಜ್ಞಾನ ಕಥೆಗಳಿಗಾಗಿ 1926ರಲ್ಲಿ 'ಅಮೇಜಿಂಗ್ ಸ್ಟೋರೀಸ್' ಬಂತು. ನಾವೆಲ್ಲ ಬಲ್ಲ ಟಾರ್ಜನ್ ಮೊದಲು ಕಾಡಿಗೆ ಇಳಿದದ್ದು 1912ರ ಅಕ್ಟೋಬರಿನ 'ಆಲ್ ಸ್ಟೋರಿ' ಪತ್ರಿಕೆಯಲ್ಲಿ. ಮುಖವಾಡದ ಜೋರೋ ಕತ್ತಿ ಹಿರಿದದ್ದೂ ಅದೇ ಪತ್ರಿಕೆಯಲ್ಲಿ, 1919ರಲ್ಲಿ.

ಬರೆಯುವವರಿಗೆ ಸಿಗುತ್ತಿದ್ದುದು ಸಾಮಾನ್ಯವಾಗಿ ಪದಕ್ಕೊಂದು ಸೆಂಟು, ಕೆಲವೆಡೆ ಅದಕ್ಕೂ ಕಡಿಮೆ. ಹೊಟ್ಟೆ ತುಂಬಬೇಕಾದರೆ ಬೆರಳು ಓಡಲೇಬೇಕು. 'ದಿ ಷ್ಯಾಡೋ' ಎಂಬ ನಾಯಕನ ಕಥೆಗಳನ್ನು ಬೇರೆ ಹೆಸರಿನಲ್ಲಿ ಬರೆಯುತ್ತಿದ್ದ ವಾಲ್ಟರ್ ಗಿಬ್ಸನ್ ಒಂದು ಕಾಲಕ್ಕೆ ತಿಂಗಳಿಗೆ ಎರಡು ಕಾದಂಬರಿ ಮುಗಿಸುತ್ತಿದ್ದ. 'ಡಾಕ್ ಸ್ಯಾವೇಜ್' ಬರೆದ ಲೆಸ್ಟರ್ ಡೆಂಟ್ 6,000 ಪದಗಳ ಕಥೆಗೆ ಒಂದು ಸೂತ್ರವನ್ನೇ ಮಾಡಿಟ್ಟಿದ್ದ. ಕಥೆಯನ್ನು 1,500 ಪದಗಳ ನಾಲ್ಕು ಭಾಗ ಮಾಡಬೇಕು, ಒಂದೊಂದು ಭಾಗದಲ್ಲೂ ನಾಯಕನ ತಲೆಯ ಮೇಲೆ ಹೊಸ ಕಷ್ಟ ಹೇರುತ್ತಾ ಹೋಗಬೇಕು. ನಮ್ಮ ಟಿ.ವಿ. ಧಾರಾವಾಹಿಗಳಿಗೆ ಈ ಸೂತ್ರ ಹೇಳಿಕೊಡಬೇಕಾದ ಅಗತ್ಯವಿಲ್ಲ!

ಇಂಥ ಕಾರ್ಖಾನೆಯಲ್ಲಿ ಒಳ್ಳೆಯ ಬರವಣಿಗೆ ಹುಟ್ಟೀತೇ? ಹುಟ್ಟಿತು. ಎರಡು ಉದಾಹರಣೆ ಕೊಡುತ್ತೇನೆ. 1920ರಲ್ಲಿ ಶುರುವಾದ 'ಬ್ಲ್ಯಾಕ್ ಮಾಸ್ಕ್' ಪತ್ರಿಕೆಗೆ ಡ್ಯಾಶಿಯಲ್ ಹ್ಯಾಮೆಟ್ ಬರೆಯತೊಡಗಿದ. ಆತ ನಿಜಜೀವನದಲ್ಲೂ ಖಾಸಗಿ ಪತ್ತೇದಾರನಾಗಿದ್ದವನು. ಕಳ್ಳರು, ಪೊಲೀಸರು ಹೇಗೆ ಮಾತಾಡುತ್ತಾರೋ ಹಾಗೆಯೇ ಮಾತಾಡಿಸಿದ. ಅವನ 'ದಿ ಮಾಲ್ಟೀಸ್ ಫಾಲ್ಕನ್' 1929–30ರಲ್ಲಿ ಧಾರಾವಾಹಿಯಾಗಿ ಬಂದದ್ದು ಇದೇ ಪತ್ರಿಕೆಯಲ್ಲಿ.

ಇನ್ನೊಬ್ಬ ರೇಮಂಡ್ ಚ್ಯಾಂಡ್ಲರ್. 1932ರಲ್ಲಿ, 44ರ ಆಸುಪಾಸಿನಲ್ಲಿ, ತೈಲ ಕಂಪನಿಯೊಂದರ ದೊಡ್ಡ ಕೆಲಸ ಕಳೆದುಕೊಂಡು ಮನೆಯಲ್ಲಿ ಕುಳಿತ. ಆರ್ಥಿಕ ಕುಸಿತದ ಕಾಲ. ಪಲ್ಪ್ ಪತ್ರಿಕೆಗಳನ್ನು ಓದುತ್ತಾ ಓದುತ್ತಾ ಬರೆಯುವುದನ್ನು ಕಲಿತ. 18,000 ಪದಗಳ ಮೊದಲ ಕಥೆಗೆ ಐದು ತಿಂಗಳು ತೆಗೆದುಕೊಂಡ. ಸಿಕ್ಕಿದ್ದು 180 ಡಾಲರ್. ಪದಕ್ಕೆ ಒಂದೇ ಸೆಂಟು ಎಂದು ಗೊತ್ತಿದ್ದೂ ಐದು ತಿಂಗಳು ತಿದ್ದುತ್ತಾ ಕುಳಿತವನನ್ನು ಏನೆನ್ನುತ್ತೀರಿ? ಅಗ್ಗದ ಕಾಗದಕ್ಕೆ ಬರೆಯುತ್ತಿದ್ದೇನೆ ಎಂದು ಆತ ಅಗ್ಗದ ಬರಹ ಬರೆಯಲಿಲ್ಲ. ವಿದ್ಯಾರ್ಥಿಗಳಿಗೆ ನಾನು ಮತ್ತೆ ಮತ್ತೆ ಹೇಳುವ ಮಾತಿದು.

ನಾಟಕಕಾರ ಟೆನಿಸ್ಸೀ ವಿಲಿಯಮ್ಸ್‌ಗೆ 1948ರಲ್ಲಿ ಪುಲಿಟ್ಜರ್ ಪ್ರಶಸ್ತಿ ಬಂತು. ಅವರ ಮೊದಲ ಕಥೆ ಬಂದದ್ದು ಯಾವ ಘನ ಸಾಹಿತ್ಯ ಪತ್ರಿಕೆಯಲ್ಲೂ ಅಲ್ಲ, 1928ರ 'ವಿಯರ್ಡ್ ಟೇಲ್ಸ್'ನಲ್ಲಿ. ಆಗ ಅವರಿನ್ನೂ 17ರ ಹುಡುಗ. ಈಜಿಪ್ಟಿನ ರಾಣಿಯೊಬ್ಬಳ ಸೇಡಿನ ಕಥೆ, 35 ಡಾಲರ್ ಸಂಭಾವನೆ. ಇಂಡಿಯಾನಾಪೊಲಿಸ್‌ನ ಬ್ಯಾಂಕೊಂದರಲ್ಲಿ ಕೆಲಸದಲ್ಲಿದ್ದ ಕ್ಯಾಥರೀನ್ ಮೂರ್ 1933ರಲ್ಲಿ ಅದೇ ಪತ್ರಿಕೆಯಲ್ಲಿ 'ಸಿ.ಎಲ್. ಮೂರ್' ಎಂಬ ಹೆಸರಿನಲ್ಲಿ ಬರೆದರು. ಬರೆಯುವುದು ಬ್ಯಾಂಕಿನವರಿಗೆ ಗೊತ್ತಾದರೆ ಕೆಲಸಕ್ಕೆ ಸಂಚಕಾರ ಎಂಬ ಅಂಜಿಕೆಯಿಂದ ಹಾಕಿಕೊಂಡ ಇನಿಷಿಯಲ್ ಅದು. ಓದುವವರು ಪಠ್ಯದೊಳಗೆ ಅಡಗಿಸಿ ಓದಿದರು, ಬರೆಯುವವರು ಇನಿಷಿಯಲ್ ಹಿಂದೆ ಅಡಗಿ ಬರೆದರು.

1944ರ ಮಾರ್ಚಿನ ಪ್ರಸಂಗವಂತೂ ಸ್ವಾರಸ್ಯಕರ. 'ಅಸ್ಟೌಂಡಿಂಗ್' ಎಂಬ ವಿಜ್ಞಾನ ಕಥೆಗಳ ಪತ್ರಿಕೆಯಲ್ಲಿ ಕ್ಲೀವ್ ಕಾರ್ಟ್‌ಮಿಲ್ ಎಂಬಾತನ ಕಥೆ ಬಂತು. ಅದರಲ್ಲಿ ಯುರೇನಿಯಂ ಬಾಂಬಿನ ವರ್ಣನೆ ಇತ್ತು. ನಿಜವಾದ ಅಣುಬಾಂಬು ಆಗ ಅಮೆರಿಕದಲ್ಲಿ ಗುಟ್ಟಾಗಿ ತಯಾರಾಗುತ್ತಿತ್ತು. ಗೂಢಚಾರ ಇಲಾಖೆಯವರು ಸಂಪಾದಕ ಜಾನ್ ಕ್ಯಾಂಬೆಲ್‌ನ ಕಚೇರಿಗೆ ಬಂದು ವಿಚಾರಣೆ ಮಾಡಿದರು. ಗುಟ್ಟು ಯಾವುದೂ ಸೋರಿರಲಿಲ್ಲ. ಯುದ್ಧಕ್ಕೆ ಮೊದಲೇ ವಿಜ್ಞಾನ ಪತ್ರಿಕೆಗಳಲ್ಲಿ ಪ್ರಕಟವಾಗಿದ್ದ ಸಂಗತಿಗಳನ್ನು ಓದಿಕೊಂಡು ಬರೆದ ಕಥೆ ಅದಾಗಿತ್ತು. ಅಂದರೆ 'ಕಸ' ಬರೆಯುವವರೂ ಲೈಬ್ರರಿಯಲ್ಲಿ ಕುಳಿತು ಓದುತ್ತಿದ್ದರು.

ಮುಖಪುಟದ ಹಿಂದಿನ ಕತ್ತಲೆ

ಈಗ ಇನ್ನೊಂದು ಮುಖ ನೋಡೋಣ. ನೂರಾರು ಪತ್ರಿಕೆಗಳ ಹಳೆಯ ಸಂಚಿಕೆಗಳನ್ನು ಈಗ ಅಂತರ್ಜಾಲದಲ್ಲಿ ಪುಟಪುಟವಾಗಿ ನೋಡಬಹುದು. ನಾನು ನೋಡಿದ್ದೇನೆ. ಮುಖಪುಟದ ಮೇಲೆ ಹೆಣ್ಣೆಂದರೆ ಬಹುಪಾಲು ಕೂಗಿಕೊಳ್ಳುತ್ತಿರುವವಳು, ಕಟ್ಟಿಹಾಕಿಸಿಕೊಂಡವಳು. ಖಳನಾಯಕ ಬಹಳ ಸಲ ಚೀನೀಯ, ಇಲ್ಲವೇ ಕಪ್ಪು ಬಣ್ಣದವ. ನಮ್ಮ ದೇಶ ಬಂದರೆ ಹಾವು, ಫಕೀರ, ವಿಗ್ರಹದ ಕಣ್ಣಿನ ರತ್ನ, ಮೋಸಗಾರ ಮಹಾರಾಜ. ಭಾರತದಲ್ಲಿ ಇದ್ದು ಹೋಗಿದ್ದ ಟಾಲ್ಬಟ್ ಮಂಡಿಯಂಥ ಒಬ್ಬಿಬ್ಬರು ಇಲ್ಲಿಯ ಜನರನ್ನು ಸ್ವಲ್ಪ ಮರ್ಯಾದೆಯಿಂದ ಕಂಡಿದ್ದುಂಟು. ಉಳಿದವರಿಗೆ ನಾವು ರಂಗಸಜ್ಜಿಕೆ ಮಾತ್ರ.

'ಸ್ಪೈಸಿ' ಎಂದು ಹೆಸರಿಗೇ ಮಸಾಲೆ ಹಚ್ಚಿಕೊಂಡ ಪತ್ರಿಕೆಗಳೂ ಇದ್ದವು. ಅವುಗಳ ಮೇಲೆ ನ್ಯೂಯಾರ್ಕಿನ ಮೇಯರ್ ಲಗಾರ್ಡಿಯಾ ಹರಿಹಾಯ್ದರು. 1943ರಲ್ಲಿ ಆ ಪತ್ರಿಕೆಗಳು ತಮ್ಮ ಹೆಸರನ್ನು 'ಸ್ಪೀಡ್' ಎಂದು ಬದಲಾಯಿಸಿಕೊಂಡು ಸ್ವಲ್ಪ ತಣ್ಣಗಾದವು.

ದೊಡ್ಡ ಹೆಸರುಗಳೂ ಈ ಕಲೆಯಿಂದ ಹೊರತಲ್ಲ. ಭಯದ ಕಥೆಗಳಿಗೆ ಹೆಸರಾದ ಲವ್‌ಕ್ರಾಫ್ಟ್‌ನ ಬರಹದಲ್ಲಿ ಜನಾಂಗ ದ್ವೇಷ ಢಾಳಾಗಿಯೇ ಇದೆ. ಅವನ ಮುಖದ ಪ್ರತಿಮೆಯನ್ನು ಪ್ರಶಸ್ತಿಯಾಗಿ ಕೊಡುತ್ತಿದ್ದ ಸಂಸ್ಥೆಯೊಂದು ಅದನ್ನು ಕೈಬಿಡುವುದಾಗಿ 2015ರಲ್ಲಿ ಪ್ರಕಟಿಸಿತು. ಅಸಿಮೋವ್‌ರನ್ನು ಬೆಳೆಸಿದ ಸಂಪಾದಕ ಕ್ಯಾಂಬೆಲ್‌ನ ಹೆಸರಿನಲ್ಲಿದ್ದ ಪ್ರಶಸ್ತಿಗೂ 2019ರಲ್ಲಿ ಬೇರೆ ಹೆಸರಿಟ್ಟರು. ಕಾರಣ ಅದೇ. ಬೆಳೆಸಿದವನೂ ಅವನೇ, ಜನರನ್ನು ಮೇಲು ಕೀಳು ಎಂದು ತೂಗಿದವನೂ ಅವನೇ. ಎರಡನ್ನೂ ಒಟ್ಟಿಗೆ ತಿಳಿದುಕೊಂಡು ಓದುವುದು ಕಷ್ಟ. ಓದು ಎಂದರೆ ಅದೇ.

'ನಿಜ ಕಥೆ'ಗಳ ಕಾಲ

ಎರಡನೇ ಮಹಾಯುದ್ಧ ಮುಗಿಯುವಷ್ಟರಲ್ಲಿ ಪಲ್ಪ್‌ಗಳ ಉಸಿರು ಕಟ್ಟತೊಡಗಿತ್ತು. ಕಾಗದದ ಅಭಾವ ಒಂದು ಕಡೆ. ಇನ್ನೊಂದು ಕಡೆ 1938ರಲ್ಲಿ ಸೂಪರ್‌ಮ್ಯಾನ್‌ನೊಂದಿಗೆ ಏರಿದ ಕಾಮಿಕ್ಸ್, 1939ರಿಂದ ಬಂದ ಜೇಬಿನಲ್ಲಿಡಬಹುದಾದ ಪೇಪರ್‌ಬ್ಯಾಕ್ ಪುಸ್ತಕಗಳು, ಆಮೇಲೆ ಟಿ.ವಿ. ದೊಡ್ಡ ಪ್ರಕಾಶಕರಾದ ಸ್ಟ್ರೀಟ್ ಅಂಡ್ ಸ್ಮಿತ್ 1949ರಲ್ಲಿ ತಮ್ಮ ಪಲ್ಪ್‌ಗಳನ್ನು ಬಹುಪಾಲು ನಿಲ್ಲಿಸಿಬಿಟ್ಟರು.

ಆ ಜಾಗಕ್ಕೆ ಬಂದದ್ದು ಗಂಡಸರ ಸಾಹಸ ಪತ್ರಿಕೆಗಳು. 'ಸ್ಟ್ಯಾಗ್', 'ಮೇಲ್', 'ಮ್ಯಾನ್ಸ್ ಲೈಫ್' ಇತ್ಯಾದಿ. ಯುದ್ಧದಿಂದ ಮರಳಿ ಕಾರ್ಖಾನೆ, ಗುಮಾಸ್ತಗಿರಿಗಳಲ್ಲಿ ಸೇರಿಕೊಂಡ ಗಂಡಸರು ಇವುಗಳ ಓದುಗರು. 1956ರ 'ಮ್ಯಾನ್ಸ್ ಲೈಫ್' ಸಂಚಿಕೆಯೊಂದರ ಮುಖಪುಟದಲ್ಲಿ ನೀರಿನಲ್ಲಿ ನಿಂತ ಮನುಷ್ಯನ ಮೇಲೆ ಮುಂಗುಸಿಯ ದೂರದ ಬಳಗದ ವೀಸಲ್ ಎಂಬ ಪುಟ್ಟ ಪ್ರಾಣಿಗಳು ಹಿಂಡುಗಟ್ಟಿ ಎರಗಿವೆ! ಚಿತ್ರ ನೋಡಿ ಈಗ ನಗು ಬರುತ್ತದೆ. ಆದರೆ ನಗುವಿನ ಕೆಳಗೆ ಒಂದು ಗಂಭೀರ ಸಂಗತಿ ಇದೆ.

ಪಲ್ಪ್ ಪತ್ರಿಕೆ ತನ್ನನ್ನು ಕಥೆ ಎಂದೇ ಕರೆದುಕೊಳ್ಳುತ್ತಿತ್ತು. ಮಂಗಳ ಗ್ರಹದ ರಾಜಕುಮಾರಿ ಸುಳ್ಳು ಎಂದು ಓದುವವನಿಗೂ ಗೊತ್ತು, ಬರೆದವನಿಗೂ ಗೊತ್ತು. ಗಂಡಸರ ಪತ್ರಿಕೆಗಳು ಕಟ್ಟುಕಥೆಗೆ 'ನಿಜ ಘಟನೆ' ಎಂಬ ಹಣೆಪಟ್ಟಿ ಅಂಟಿಸಿ ಮಾರಿದವು. ಮಾರ್ಟಿನ್ ಗುಡ್‌ಮನ್ ಎಂಬ ಪ್ರಕಾಶಕನ ಕಚೇರಿಯಲ್ಲಿ ಇಂಥ ಹಲವು ಪತ್ರಿಕೆಗಳು ತಯಾರಾಗುತ್ತಿದ್ದವು. ಅಲ್ಲಿ 1960ರ ದಶಕದಲ್ಲಿ ಮಾರಿಯೋ ಪ್ಯೂಜೋ ಎಂಬ ಲೇಖಕ 'ಮಾರಿಯೋ ಕ್ಲೆರಿ' ಎಂಬ ಹೆಸರಿನಲ್ಲಿ, ನಡೆದೇ ಇಲ್ಲದ ಯುದ್ಧಗಳನ್ನು ನಡೆದಂತೆ ಬರೆಯುತ್ತಿದ್ದ. ಸಂಚಿಕೆ ಹೊರಬಂದ ಮೇಲೆ ಮಾಜಿ ಸೈನಿಕರಿಂದ ಪತ್ರಗಳು ಬರುತ್ತಿದ್ದವಂತೆ. ಟ್ಯಾಂಕಿನ ವಿವರ ತಪ್ಪಾಗಿದೆ ಎಂದು ಬರೆಯುತ್ತಿದ್ದರೇ ಹೊರತು, ಆ ಯುದ್ಧವೇ ನಡೆದಿಲ್ಲ ಎಂಬುದು ಅವರಿಗೆ ಹೊಳೆಯುತ್ತಿರಲಿಲ್ಲ!

ಪ್ಯೂಜೋ ಮುಂದೆ 1969ರಲ್ಲಿ 'ದಿ ಗಾಡ್‌ಫಾದರ್' ಬರೆದು ಜಗತ್ಪ್ರಸಿದ್ಧನಾದ. ಅದೇ ಪ್ರಕಾಶಕನ ಕಾಮಿಕ್ಸ್ ವಿಭಾಗದಲ್ಲಿ ಕೂತಿದ್ದ ಸ್ಟ್ಯಾನ್ ಲೀ 1962ರಲ್ಲಿ ಚಿತ್ರಕಾರ ಸ್ಟೀವ್ ಡಿಟ್ಕೋ ಜೊತೆ ಸ್ಪೈಡರ್‌ಮ್ಯಾನ್‌ನನ್ನು ಹುಟ್ಟಿಸಿದ. ನಮ್ಮ ಮಕ್ಕಳು ಸಿನಿಮಾ ಮಂದಿರದಲ್ಲಿ ಚಪ್ಪಾಳೆ ತಟ್ಟುವ ಮಾರ್ವೆಲ್ ವೀರರೂ ಸುಳ್ಳು ಯುದ್ಧಗಳೂ ಒಂದೇ ಸೂರಿನ ಕೆಳಗಿನ ಉತ್ಪನ್ನ. ಒಂದು ಕಥೆಯಾಗಿ ಬಂದು ಕಥೆಯಾಗಿಯೇ ಉಳಿಯಿತು. ಇನ್ನೊಂದು ಸತ್ಯದ ವೇಷ ಹಾಕಿತು.

ಗಂಡಸರ ಪತ್ರಿಕೆಗಳೆಲ್ಲ ಹೀಗೇ ಎಂದು ತಳ್ಳಿಹಾಕುವಂತೆಯೂ ಇಲ್ಲ. ಮನ್ಸಿ ಕಟ್ಟಿದ 'ಆರ್ಗೋಸಿ' 1940ರ ದಶಕದಲ್ಲಿ ವೇಷ ಬದಲಿಸಿ ಗಂಡಸರ ಪತ್ರಿಕೆಯಾಗಿತ್ತು. 1948ರಲ್ಲಿ ಅದು ಒಂದು ಅಂಕಣ ಶುರುಮಾಡಿತು. ವಕೀಲರೂ ಪೆರಿ ಮೇಸನ್ ಕಥೆಗಳ ಕರ್ತೃವೂ ಆದ ಅರ್ಲ್ ಸ್ಟ್ಯಾನ್ಲಿ ಗಾರ್ಡ್ನರ್ ಅದರ ಮುಂದಾಳು. ತಪ್ಪು ಮಾಡದೆ ಶಿಕ್ಷೆ ಅನುಭವಿಸುತ್ತಿದ್ದವರ ಮೊಕದ್ದಮೆಗಳನ್ನು ತಜ್ಞರ ತಂಡವೊಂದು ಮತ್ತೆ ಪರಿಶೀಲಿಸಿ ಪತ್ರಿಕೆಯಲ್ಲಿ ಬರೆಯುತ್ತಿತ್ತು. ಆ ಬರಹಗಳಿಂದ ಹಲವರು ಸೆರೆಮನೆಯಿಂದ ಹೊರಬಂದರು. ಒಂದೇ ಅಂಗಡಿಯ ಒಂದೇ ಸಾಲಿನಲ್ಲಿ ನೇತಾಡುತ್ತಿದ್ದ ಎರಡು ಪತ್ರಿಕೆಗಳಲ್ಲಿ ಒಂದು ಸುಳ್ಳನ್ನು ಸತ್ಯವೆಂದು ಮಾರುತ್ತಿತ್ತು, ಇನ್ನೊಂದು ಹೂತುಹೋದ ಸತ್ಯವನ್ನು ಅಗೆದು ತೆಗೆಯುತ್ತಿತ್ತು. ಮುಖಪುಟ ನೋಡಿ ಯಾವುದು ಯಾವುದೆಂದು ಹೇಳಲಾಗದು. ಒಳಗೆ ಓದಲೇಬೇಕು.

ಬಚ್ಚಲ ಒಲೆಗೆ ಹೋದ ಪುಸ್ತಕಗಳು

ಇಷ್ಟೆಲ್ಲ ಯಾಕೆ ಹೇಳುತ್ತಿದ್ದೇನೆಂದರೆ, ನನ್ನ ಕಾಲೇಜಿನ ದಿನಗಳ ಒಬ್ಬ ಸಹಪಾಠಿ ನನ್ನ ಮನಸ್ಸಿನಿಂದ ಹೋಗುವುದಿಲ್ಲ. ಹಳ್ಳಿಯಿಂದ ಬಂದವನು, ಕನ್ನಡ ಮಾಧ್ಯಮದಲ್ಲಿ ಓದಿದವನು. ಪಿಯುಸಿಯಲ್ಲಿ ಇಂಗ್ಲಿಷ್ ಪಾಠ ಅವನಿಗೆ ಕಬ್ಬಿಣದ ಕಡಲೆ. ಯಾರೋ ಅವನ ಕೈಗೆ ಜೇಮ್ಸ್ ಹ್ಯಾಡ್ಲಿ ಚೇಸ್‌ನ ಹಳೆಯ ಪುಸ್ತಕವೊಂದನ್ನು ಕೊಟ್ಟರು. ಚೇಸ್ ಇಂಗ್ಲೆಂಡಿನವನು. ಅಮೆರಿಕದ ಪಲ್ಪ್‌ಗಳ ಧಾಟಿ ಹಿಡಿದು, ಆ ದೇಶದ ನಕ್ಷೆಯನ್ನೂ ಆಡುಮಾತಿನ ನಿಘಂಟನ್ನೂ ಮುಂದಿಟ್ಟುಕೊಂಡು, 1939ರಿಂದ ಕಾದಂಬರಿ ಬರೆದವನು. ನಮ್ಮ ಕಡೆಯ ಬಸ್ ನಿಲ್ದಾಣಗಳ ಪುಸ್ತಕದಂಗಡಿಗಳಲ್ಲಿ ಅವನಷ್ಟು ಮಾರಾಟವಾದ ಇಂಗ್ಲಿಷ್ ಲೇಖಕರು ಕೆಲವರೇ.

ಗೆಳೆಯ ಮೊದಲ ಪುಸ್ತಕಕ್ಕೆ ಒಂದು ತಿಂಗಳು ತೆಗೆದುಕೊಂಡ. ಮುಂದೇನಾಯಿತು ಎಂಬ ಕುತೂಹಲವೇ ಅವನಿಗೆ ವ್ಯಾಕರಣವಾಯಿತು. ಹನ್ನೊಂದನೇ ಪುಸ್ತಕದ ಹೊತ್ತಿಗೆ ದಿನಕ್ಕೆ ನೂರು ಪುಟ ಓದುತ್ತಿದ್ದ. ಪಾಠದ ಗದ್ಯಭಾಗವನ್ನು ತರಗತಿಯಲ್ಲಿ ಎದ್ದು ನಿಂತು ತಡವರಿಸದೆ ಓದಿದ ದಿನ ನಾವೆಲ್ಲ ಅವನನ್ನೇ ನೋಡಿದೆವು.

ರಜೆಯಲ್ಲಿ ಊರಿಗೆ ಹೋದಾಗ ಅವನ ಪೆಟ್ಟಿಗೆಯಲ್ಲಿ ಅವನ ತಂದೆಗೆ ಆ ಪುಸ್ತಕಗಳು ಸಿಕ್ಕವು. ಒಳಗಿನ ಅಕ್ಷರ ಅವರಿಗೆ ಓದಲು ಬಾರದು. ಮುಖಪುಟದ ಚಿತ್ರಗಳು ಮಾತ್ರ ಕಂಡವು. "ಹೊಲ ಒತ್ತೆ ಇಟ್ಟು ಫೀಸು ಕಟ್ಟಿದ್ದು ಇದಕ್ಕೇನೋ?" ಎಂದರಂತೆ. ಹನ್ನೊಂದೂ ಪುಸ್ತಕ ಬಚ್ಚಲ ಒಲೆಗೆ ಹೋದವು. ಆ ತಂದೆಯನ್ನು ನಾನು ದೂರಲಾರೆ. ಅವರಿಗೆ ಕಂಡದ್ದು ಹೊಲ, ಸಾಲ, ಮಗನ ಭವಿಷ್ಯ. ಆ ಚಿತ್ರಗಳನ್ನು ನೋಡಿದ ಯಾವ ತಂದೆಗಾದರೂ ಎದೆ ಧಸಕ್ಕೆನ್ನುತ್ತಿತ್ತು.

ಆದರೆ ಆದದ್ದು ಇಷ್ಟು. ಗೆಳೆಯ ಅಲ್ಲಿಂದ ಮುಂದೆ ಗೈಡು ಮಾತ್ರ ಓದಿದ. ಪಾಸಾದ, ನೌಕರಿ ಹಿಡಿದ, ಹೊಲ ಬಿಡಿಸಿಕೊಟ್ಟ, ಒಳ್ಳೆಯ ಮಗನಾದ. ಆದರೆ ಒಂದು ಪುಸ್ತಕವನ್ನೂ ಮತ್ತೆ ಅವನಾಗಿ ತೆರೆಯಲಿಲ್ಲ. ನಿವೃತ್ತನಾದ ಮೇಲೆ ಒಮ್ಮೆ ಸಿಕ್ಕಾಗ, "ಹೊತ್ತು ಹೋಗೋದಿಲ್ಲ ಮಾರಾಯ" ಎಂದ. ನನ್ನ ಕೈಯಲ್ಲಿದ್ದ ಪುಸ್ತಕ ಕೊಡಲು ಹೋದರೆ, "ಬೇಡ, ಅಭ್ಯಾಸ ತಪ್ಪಿಹೋಗಿದೆ" ಎಂದು ನಕ್ಕ. ಚೇಸ್ ಸುಟ್ಟುಹೋದದ್ದಕ್ಕೆ ನನಗೆ ದುಃಖವಿಲ್ಲ. ಚೇಸ್ ಆದ ಮೇಲೆ ಬರಬೇಕಾಗಿದ್ದ ಓದೂ ಅದೇ ಒಲೆಯಲ್ಲಿ ಬೆಂದುಹೋಯಿತು.

ಹಾಗಿದ್ದರೆ ಏನು ಮಾಡೋಣ?

ಪಾಲಕರಿಗೆ ನನ್ನ ಸಲಹೆ ಸರಳ. ಕಿತ್ತುಕೊಳ್ಳುವ ಮೊದಲು ಹತ್ತು ಪುಟ ನೀವೂ ಓದಿ. ಓದಲು ಬಾರದ ಭಾಷೆಯಾದರೆ ಮಗ ಅಥವಾ ಮಗಳಿಂದ ಕಥೆ ಹೇಳಿಸಿ. ತನ್ನ ಬಾಯಲ್ಲಿ ಅಪ್ಪ ಅಮ್ಮನಿಗೆ ಹೇಳಲು ಮಗು ಎಲ್ಲಿ ತಡವರಿಸುತ್ತದೋ ಅಲ್ಲಿ ಮಾತಿಗೆ ಜಾಗವಿದೆ. ವಯಸ್ಸಿಗೆ ಮೀರಿದ್ದು ಇದ್ದರೆ 'ಇದು ಈಗ ಬೇಡ' ಎನ್ನುವ ಅಧಿಕಾರ ನಿಮಗಿದೆ, ಕಾರಣವನ್ನೂ ಹೇಳಿ. ಅಸಿಮೋವ್‌ರ ತಂದೆಗೆ ಹೆಸರಿನಲ್ಲಿದ್ದ ಒಂದು ಪದ ಸಾಕಾಯಿತು, ನನ್ನ ಗೆಳೆಯನ ತಂದೆಗೆ ಒಂದು ಚಿತ್ರ ಸಾಕಾಯಿತು. ಇಬ್ಬರೂ ಒಳಗೆ ನೋಡಲಿಲ್ಲ, ನೋಡುವ ಸ್ಥಿತಿಯಲ್ಲೂ ಇರಲಿಲ್ಲ. ಒಬ್ಬರ ಮಗನಿಗೆ ಅದೃಷ್ಟ ಒಲಿಯಿತು ಅಷ್ಟೇ. ಮಕ್ಕಳ ಓದನ್ನು ಅದೃಷ್ಟಕ್ಕೆ ಬಿಡುವುದು ಬೇಡ.

ವಿದ್ಯಾರ್ಥಿಗಳಿಗೂ ಒಂದು ಮಾತು. ಏನನ್ನೇ ಓದಿ, ಕಾಗದದ ಮೇಲಾಗಲಿ ಮೊಬೈಲಿನ ಮೇಲಾಗಲಿ, ಎರಡು ಪ್ರಶ್ನೆ ಕೇಳಿಕೊಳ್ಳಿ. ಇದು ತನ್ನನ್ನು ಕಥೆ ಎನ್ನುತ್ತಿದೆಯೋ, ಸತ್ಯ ಎನ್ನುತ್ತಿದೆಯೋ? ಸತ್ಯ ಎನ್ನುವುದಾದರೆ ಪುರಾವೆ ಎಲ್ಲಿ? ನಡೆಯದ ಯುದ್ಧದಲ್ಲಿ ಟ್ಯಾಂಕಿನ ತಪ್ಪು ಹುಡುಕಿದ ಆ ಸೈನಿಕರಂತೆ ನಾವೂ ಇವತ್ತು ವಾಟ್ಸಾಪಿನಲ್ಲಿ ಬಂದ ಸುದ್ದಿಯ ಕಾಗುಣಿತ ತಿದ್ದುತ್ತಾ ಕೂರುವುದುಂಟು. ಎರಡನೆಯದು, ಈ ಕಥೆಯಲ್ಲಿ ಯಾರು ಯಾವಾಗಲೂ ಕೆಟ್ಟವರು, ಯಾರು ಯಾವಾಗಲೂ ಕೂಗುವವರು? ಅವರ ಜಾಗದಲ್ಲಿ ನಿಮ್ಮ ಅಕ್ಕನನ್ನೋ ನಿಮ್ಮೂರಿನವರನ್ನೋ ಇಟ್ಟು ಮತ್ತೊಮ್ಮೆ ಓದಿ. ರುಚಿ ಕೆಟ್ಟರೆ ಆ ಪುಸ್ತಕವನ್ನು ನೀವೇ ಮುಚ್ಚುತ್ತೀರಿ. ಅಪ್ಪ ಕಿತ್ತುಕೊಳ್ಳಬೇಕಾಗಿಲ್ಲ.

ಮನ್ಸಿಯ 'ಆರ್ಗೋಸಿ' 1978ರಲ್ಲಿ ನಿಂತಿತು. ಅದರ ಹಳೆಯ ಸಂಚಿಕೆಗಳು ಸಂಗ್ರಹಕಾರರ ಪ್ಲಾಸ್ಟಿಕ್ ಚೀಲಗಳಲ್ಲಿ ಪುಡಿಯಾಗುತ್ತಿವೆ. ಇತ್ತ ಅಮೆರಿಕದ ಶ್ರೇಷ್ಠ ಬರಹಗಾರರಿಗೆಂದೇ ಮೀಸಲಾದ 'ಲೈಬ್ರರಿ ಆಫ್ ಅಮೆರಿಕ' ಎಂಬ ಗ್ರಂಥಮಾಲೆಯಲ್ಲಿ ಚ್ಯಾಂಡ್ಲರ್ 1995ರಲ್ಲಿ, ಹ್ಯಾಮೆಟ್ 1999ರಲ್ಲಿ ಸೇರಿದರು. ಆ ಮಾಲೆಯ ಪುಸ್ತಕಗಳನ್ನು ಅಚ್ಚು ಹಾಕುವುದು ಆಮ್ಲವಿಲ್ಲದ ಕಾಗದದ ಮೇಲೆ. ಒಂದು ತಿಂಗಳು ಬಾಳಿದರೆ ಸಾಕು ಎಂದು ಪದಕ್ಕೊಂದು ಸೆಂಟಿನಂತೆ ಕೊಂಡ ಮಾತುಗಳು ಈಗ ನೂರಾರು ವರ್ಷ ಬಾಳುವ ಕಾಗದದ ಮೇಲಿವೆ. ಅವುಗಳ ಜೊತೆ ಅದೇ ಸಂಚಿಕೆಗಳಲ್ಲಿ ಅಚ್ಚಾಗಿದ್ದ ಸಾವಿರಾರು ಕಥೆಗಳನ್ನು ಯಾರೂ ಕೇಳುವುದಿಲ್ಲ. ಈ ಜೊಳ್ಳು ಕಾಳುಗಳನ್ನು ಬೇರೆ ಮಾಡಿದವರು ಯಾವ ಮೇಯರೂ ಅಲ್ಲ, ಯಾವ ಕಾಮ್‌ಸ್ಟಾಕನೂ ಅಲ್ಲ. ಎರಡನ್ನೂ ಓದಿದ ಓದುಗರು.